ಕಲಾಯಿಯವರ ಮನೆಯ ಹಂಡೆ

ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆಂದು ಮನೆಗೆ ಬಂದರೆ ನಮ್ಮ ಆಯಿ ಹಿತ್ತಲ ಬಚ್ಚಲಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ನನ್ನ ಎರಡು ತಿಂಗಳ ದುಡಿಮೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

ಚಹಾ ಸೋಸುವ ಜರಡಿಯಲ್ಲಿ ನನ್ನ ಕೊಡ, ನನ್ನ ಬೋಗುಣಿ, ನನ್ನ ತಂಬಿಗೆ. ಒಂದು ಕಡಲೆಕಾಳಿನಷ್ಟು, ಇನ್ನೊಂದು ಹುಣಸೆಬೀಜದಷ್ಟು. ಎಲ್ಲಕ್ಕಿಂತ ದೊಡ್ಡದು ಬೋರೆಹಣ್ಣಿನಷ್ಟಿದ್ದ ತಾಮ್ರದ ಹಂಡೆ. ಅದನ್ನು ಆಯಿ ಎರಡು ಬೆರಳ ನಡುವೆ ಹಿಡಿದು, ಉಪ್ಪು ಒತ್ತಿ ಒತ್ತಿ ತಿರುಗಿಸುತ್ತಿದ್ದಳು. ಮದುವೆಯಲ್ಲಿ ಬಳುವಳಿ ಕೊಡುವ ಹಂಡೆಯ ಹಾಗೆ ಅದು ಥಳಥಳಿಸುತ್ತಿತ್ತು.

"ಆಯಿ! ಏನ್ ಮಾಡಾಕತ್ತೀ?"

"ಕಣ್ಣ ಕಾಣಂಗಿಲ್ಲೇನ? ಭಾಂಡೆ ಬೆಳಗಾಕತ್ತೇನಿ. ನಾಳಿಗಿ ಘಟ್ಟ ಕೂಡ್ತಾವ. ಮನ್ಯಾಗ ಒಂದ ಭಾಂಡೆ ಹೊಲಸ ಇರಬಾರ್ದು."

"ಅವು ಭಾಂಡೆ ಅಲ್ಲ!"

"ಮತ್ತೇನ್, ಕುರ್ಚಿ?"

ನವರಾತ್ರಿಯ ಮಾನಮಿ ಬಂತೆಂದರೆ ನಮ್ಮ ಕಡೆ ಹಾಸಿಗೆ ಹೊದಿಕೆಯಿಂದ ಹಿಡಿದು ಅಟ್ಟದ ಮೇಲಿನ ತೂತು ಲೋಟದವರೆಗೆ ಎಲ್ಲವೂ ಕೆಳಗಿಳಿದು ತೊಳೆಸಿಕೊಳ್ಳಬೇಕು. ಆಮೇಲೆಯೇ ದೇವರ ಮುಂದೆ ಘಟ್ಟ, ಅಂದರೆ ಮಣ್ಣಿನಲ್ಲಿ ಕಾಳು ಬಿತ್ತಿ ಕೂರಿಸುವ ಕಲಶ. ನಮ್ಮ ಮನೆಯಲ್ಲಿ ಇದು ಒಂದು ಕೈ ಹೆಚ್ಚು. ಅಪ್ಪ ವಾಮನ ಅಫಜಲಪುರದ ಬಜಾರದಲ್ಲಿ ಭಾಂಡೆ ಅಂಗಡಿ ಇಟ್ಟವನು. ಅಪ್ಪನ ಅಪ್ಪ ಊರೂರು ತಿರುಗಿ ಕಲಾಯಿ ಹಾಕುತ್ತಿದ್ದವನು. ಹಿತ್ತಾಳೆ ತಾಮ್ರದ ಪಾತ್ರೆ ಕಾಯಿಸಿ, ಒಳಗೆ ತವರ ಬಳಿದು, ಬೆಳ್ಳಿಯ ಹಾಗೆ ಮಾಡಿಕೊಡುವ ಕೆಲಸ. ಕಲಾಯಿ ಹೋದ ಪಾತ್ರೆಗೆ ಹಸಿರು ಕಿಲುಬು ಏರುತ್ತದೆ, ಕಿಲುಬಿನ ಪಾತ್ರೆಯಲ್ಲಿ ಅಡಿಗೆ ಮಾಡಿದರೆ ಉಂಡವರು ವಾಂತಿ ಮಾಡಿಕೊಳ್ಳುತ್ತಾರೆ. ಆಯಿ, ಅಂದರೆ ಅಪ್ಪನ ಅವ್ವ ಉಮಾಬಾಯಿ, ಗಂಡನ ಬೆನ್ನಿಗೆ ಕೂತು ಇದ್ದಲಿಗೆ ತಿದಿ ಊದಿದವಳು. ಈ ಮನೆ ಹೊಳಪಿನ ಮೇಲೆ ರೊಟ್ಟಿ ತಿಂದ ಮನೆ. ಇಂಥ ಮನೆಯಲ್ಲಿ ಹುಟ್ಟಿ ನಾನು ಹೊಸದನ್ನು ಹಳೆಯದು ಮಾಡುವ ಕೆಲಸ ಹಿಡಿದೆ.

ಒಂಬತ್ತನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಅಂದಿನಿಂದ ಅಂಗಡಿಯೇ ಗತಿ. ಗಿರಾಕಿ ಇಲ್ಲದ ಹೊತ್ತಿಗೆ ಮೊಬೈಲಿನಲ್ಲಿ ನೋಡುತ್ತ ನೋಡುತ್ತ ಕಲಿತೆ. ಎಲ್ಲೆಲ್ಲಿಯದೋ ಜನ ಮೇಜಿನ ಮೇಲೆ ಬೆರಳುದ್ದದ ಮನುಷ್ಯರ ಊರು ಕಟ್ಟುತ್ತಾರೆ. ಆ ಊರಿಗೆ ಬೇಕಾದ ಬಕೆಟ್ಟು, ಡಬ್ಬಿ, ಏಣಿ, ಹಗ್ಗ ಎಲ್ಲ ಕೈಯಿಂದಲೇ. ನಾನೂ ಹಿಡಿದೆ. ತಾಮ್ರದ ತೆಳು ತಗಡನ್ನು ಗಾಜಿನ ಗೋಲಿಯ ಮೇಲಿಟ್ಟು ಬಡಿದರೆ ಹಂಡೆಯ ಹೊಟ್ಟೆ ಬರುತ್ತದೆ. ಔಷಧದ ಗುಳಿಗೆ ಸುತ್ತಿ ಬರುವ ಬೆಳ್ಳಿಹಾಳೆಯನ್ನು ಬಾಚಣಿಕೆಯ ಹಲ್ಲಿಗೆ ಒತ್ತಿದರೆ ಛಾವಣಿಯ ತಗಡು, ಅಂದರೆ ಪತ್ರಾಸು. ಸೋಸಿ ಒಗೆದ ಚಹಾಪುಡಿ ಒಣಗಿಸಿದರೆ ಹಿತ್ತಲ ಮಣ್ಣು. ಆದರೆ ಇಷ್ಟು ಅರ್ಧ ಕೆಲಸ. ಉಳಿದರ್ಧ ಅದಕ್ಕೆ ವಯಸ್ಸು ಹಚ್ಚುವುದು. ಮಳೆನೀರು ಎಲ್ಲಿ ಇಳಿಯುತ್ತದೆ, ಕೈ ಎಲ್ಲಿ ತಾಗುತ್ತದೆ, ತುಕ್ಕು ಯಾವ ಮೂಲೆಯಿಂದ ತಿನ್ನುತ್ತ ಬರುತ್ತದೆ ಎಂದು ನೋಡಿ ನೋಡಿ ಬಣ್ಣ ಇಡಬೇಕು. ಕಣ್ಣು ಉರಿಯುತ್ತದೆ, ಕತ್ತು ಹಿಡಿಯುತ್ತದೆ. ಮನೆಯವರ ಪಾಲಿಗೆ ಮಾತ್ರ ಅದು ಆಟ.

ಆಟವಲ್ಲ ಎಂದು ತೋರಿಸಲು ನನಗೆ ಸಿಕ್ಕಿದ್ದು ಒಂದೇ ಅವಕಾಶ. ಆಳಂದದ ದೌಲತರಾಯ ಎಂಬವರು ಹೋಟೆಲುಗಳಿಗೆ, ಸಭಾಭವನಗಳಿಗೆ ಹಳ್ಳಿಯ ಸಣ್ಣ ನಮೂನೆ ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಡುತ್ತಾರೆ. ನನ್ನ ಬಕೆಟ್ಟು ಡಬ್ಬಿಗಳ ಫೋಟೋ ನೋಡಿ ಫೋನು ಮಾಡಿದ್ದರು. "ಒಂದ ಹಳೀ ಮನೀ ಹಿತ್ತಲ ಮಾಡ್ಕೊಂಡ ಬಾ. ಒಲಿ, ಬಚ್ಚಲ, ಭಾಂಡೆ, ಎಲ್ಲ. ಪಾಸ್ ಆತಂದ್ರ ನನ್ನ ಕಾರಖಾನ್ಯಾಗ ಖಾಯಂ ಕೆಲಸ."

ಅಪ್ಪ ಇದಕ್ಕೂ ಒಂದು ಗೆರೆ ಎಳೆದಿದ್ದ. ಜೇವರ್ಗಿಯಲ್ಲಿ ಎರಡನೆಯ ಅಂಗಡಿ ಹಿಡಿದಿದ್ದ, ದೀಪಾವಳಿ ಪಾಡ್ಯಕ್ಕೆ ಪೂಜೆ. "ಅಷ್ಟ್ರಾಗ ಆ ದೌಲತರಾಯ ಕರದ್ರ ಹೋಗು, ನಾ ಅಡ್ಡ ಬರಂಗಿಲ್ಲ. ಕರೀಲಿಲ್ಲಂದ್ರ ಜೇವರ್ಗಿ ಗಲ್ಲಾದ ಮ್ಯಾಲ ಕೂಡು. ಆಮ್ಯಾಲ ತುಕ್ಕಿನ ಹೆಸರ ತಗೀಬ್ಯಾಡ."

ಆ ಹಿತ್ತಲಿನ ಭಾಂಡೆಗಳೇ ಈಗ ಆಯಿಯ ಜರಡಿಯಲ್ಲಿ ಹೊಳೆಯುತ್ತಿದ್ದದ್ದು.

ಊಟಕ್ಕೆ ಕೂತಾಗಲೂ ಆ ಜರಡಿಯನ್ನು ತಾಟಿನ ಬಾಜೂಕ ಇಟ್ಟುಕೊಂಡಿದ್ದೆ. ಅಪ್ಪ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಅದ್ದುತ್ತ ನಕ್ಕ.

"ಒಂದ ಕಲಿ ಇದ್ರ ಗಿರಾಕಿ ತಾಟ ನನ್ನ ಮಾರಿ ಮ್ಯಾಲ ಒಗೀತಾನ. ನೀ ಕಲಿ ಹಚ್ಚೇ ಮಾರ್ತೇನಿ ಅಂತೀ. ಯಾವ ಮಬ್ಬ ತಗೋತಾನಲೇ?"

"ನಗಬ್ಯಾಡ ಅಪ್ಪ. ಹೊಟ್ಟಿ ಉರ್ಯಾಕತ್ತದ."

"ಮೊನ್ನಿ ನನ್ನ ಹೊಟ್ಟಿ ಉರೀತಿತ್ತಲ್ಲ, ಚಹಾ ಅಂತ ಕುಡದಿದ್ರ!" ಎಂದ ಅಪ್ಪ. ಪಾತ್ರೆ ತಿಕ್ಕುವ ತಂತಿಜುಂಗನ್ನು ಸಿರ್ಕಾದಲ್ಲಿ, ಅಂದರೆ ವಿನೆಗರಿನಲ್ಲಿ, ನೆನೆಹಾಕಿ ಮಾಡಿದ ತುಕ್ಕುನೀರನ್ನು ನಾನು ಲೋಟದಲ್ಲಿಟ್ಟಿದ್ದೆ. ಅಪ್ಪ ತುಟಿಯವರೆಗೆ ಒಯ್ದಿದ್ದ.

ಅವ್ವ ರಮಾಬಾಯಿ ಒಲೆಯ ಮುಂದಿನಿಂದಲೇ ಸೇರಿಕೊಂಡಳು. "ಅದನ್ನರ ಬಿಡ್ರಿ. ನನ್ನ ಉಪ್ಪಿನಕಾಯಿ ಭರಣ್ಯಾಗ ಇಂವ ಕಿಲುಬ ಬೆಳಸ್ಯಾನ! ಮುಚ್ಚಳ ತಗದ್ರ ಹಸರಗ. ಕಲಾಯಿಯವರ ಮನ್ಯಾಗ, ಉಪ್ಪಿನಕಾಯಿ ಭರಣ್ಯಾಗ! ಯಾರಿಗರ ಹೇಳಿದ್ರ ನಂಬ್ತಾರೇನ?"

ಅದು ಖರೆ. ಹಂಡೆಯನ್ನು ಉಪ್ಪು ಸಿರ್ಕಾದ ಹಬೆಯಲ್ಲಿ ಮುಚ್ಚಿಟ್ಟರೆ ಕೆಲವು ದಿನಕ್ಕೆ ನಿಜವಾದ ಕಿಲುಬೇ ಹತ್ತುತ್ತದೆ. ಬಣ್ಣ ಬಳಿದರೆ ಅಂಥದ್ದು ಬರುವುದಿಲ್ಲ. ಮೊಬೈಲಿನವರು ಹಾಗೇ ಮಾಡುತ್ತಾರೆ.

"ಆಯಿಗೆ ತಿಳೀಲಿಲ್ಲ ಅಣ್ಣಾ," ಎಂದಳು ತಂಗಿ ಅನುಜಾ. ಡಿಗ್ರಿ ಓದುತ್ತಿದ್ದಾಳೆ, ಮನೆಯ ವಕೀಲಕಿಯೂ ಅವಳೇ. "ಮಾನಮಿ ಅಂತ ಎಲ್ಲಾ ತೊಳದ್ಳು, ಇವನೂ ತೊಳದ್ಳು. ಬಿಡು, ಇನ್ನೊಮ್ಮಿ ಮಾಡು."

ಆಯಿ ಶೇಂಗಾ ಹಿಂಡಿಗೆ ಮೊಸರು ಕಲಸಿಕೊಂಡು ತಲೆ ಬಗ್ಗಿಸಿ ಉಂಡಳು. ಆ ಬಗ್ಗಿದ ತಲೆಗೆ ನಾನು ಆಗಲೇ ಹೆದರಬೇಕಿತ್ತು.

ಇನ್ನೊಮ್ಮೆ ಮಾಡಿದೆ. ಈ ಸಲ ಹಂಡೆಯನ್ನು ಡಬ್ಬಿಯಲ್ಲಿ ಮುಚ್ಚಿ ಅಂಗಡಿಗೆ ಒಯ್ದು, ಕುಕ್ಕರುಗಳ ಹಿಂದೆ ಬಚ್ಚಿಟ್ಟೆ. ಮನೆಯಲ್ಲಿ ಘಟ್ಟದ ಮಣ್ಣಿನಲ್ಲಿ ಗೋಧಿಯ ಸಸಿ ಏಳುತ್ತಿದ್ದರೆ, ಅಂಗಡಿಯಲ್ಲಿ ನನ್ನ ಹಂಡೆಗೆ ಕಿಲುಬು ಏಳುತ್ತಿತ್ತು. ಆಯಿ ಉಪವಾಸ ಹಿಡಿದು ಸಾಬೂದಾಣಿ ತಿಂದುಕೊಂಡಿದ್ದಳು. ನಾನು ಒಲೆ ಕಟ್ಟಿದೆ, ಬಚ್ಚಲ ಕಲ್ಲು ಕೂರಿಸಿದೆ, ಪತ್ರಾಸಿಗೆ ತುಕ್ಕು ಹರಿಸಿದೆ, ಬಕೆಟ್ಟಿನ ಹಿಡಿಕೆಗೆ ಚಿಂದಿ ಸುತ್ತಿದೆ. ಈಗ ನಮ್ಮ ಹಿತ್ತಲು ಸಿಮೆಂಟಾಗಿದೆ. ನಾನು ಕಟ್ಟಿದ್ದು ನಾನು ಸಣ್ಣವನಿದ್ದಾಗಿನ ಹಿತ್ತಲನ್ನು. ಮೂಲೆಯಲ್ಲಿ ಅಜ್ಜನ ಚರ್ಮದ ತಿದಿಯನ್ನೂ ಇಟ್ಟೆ, ಹಳೆಯ ಪಾಕೀಟಿನ ತೊಗಲು ಕತ್ತರಿಸಿ. ಕೊನೆಗೆ ಒಲೆಯ ಮೇಲೆ ಹಂಡೆ. ಅದರ ಕೊರಳಿಂದ ಹೊಟ್ಟೆಯವರೆಗೆ ಹಸಿರು ಇಳಿದಿತ್ತು. ಅದರ ಫೋಟೋ ಹೊಡೆದು ದೌಲತರಾಯರಿಗೆ ಕಳಿಸಿದೆ, ತಗೊಂಡು ಬಾ ಎಂದರು.

ಅನುಜಾ ಅಂಗಡಿಗೆ ಬಂದಾಗ ತಾನೂ ಒಂದು ಫೋಟೋ ಹೊಡೆದುಕೊಂಡಳು. ಹೊಡೆದುಕೊಂಡವಳು ಸುಮ್ಮನಿರಬೇಕೋ ಬೇಡವೋ? ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು, "ನಮ್ಮ ಆಯಿಯ ಹಿತ್ತಲು" ಎಂದು ಬರೆದು.

ನಿಂಬರ್ಗಾದ ಮಲ್ಕಮ್ಮನ ಮೊಮ್ಮಗಳು ಅನುಜಾಳ ಜೊತೆ ಓದುವವಳು. ಮಲ್ಕಮ್ಮ ಆಯಿಯ ಹಳೆಯ ಗೆಳತಿ. ಅವರ ಮನೆಯ ಭಾಂಡೆಗೆಲ್ಲ ನಮ್ಮ ಅಜ್ಜನೇ ಕಲಾಯಿ ಹಾಕುತ್ತಿದ್ದ. ಮೊಮ್ಮಗಳು ತೋರಿಸಿದಳು, ಅಜ್ಜಿ ಫೋನು ಹಚ್ಚಿದಳು. ಬೆಳಗಿನ ಹೊತ್ತು, ನಾವೆಲ್ಲ ಚಹಾ ಕುಡಿಯುತ್ತಿದ್ದೆವು, ಫೋನು ಸ್ಪೀಕರಿನಲ್ಲಿತ್ತು.

"ಏನಬೇ ಉಮಾಬಾಯಿ, ನಿನ್ನ ಹಂಡೆಕ್ಕ ಕಿಲುಬ ಹತ್ತೇದಲ್ಲಬೇ! ಊರ ಮಂದಿ ಭಾಂಡೆ ಬೆಳಗಿ ನಿನ್ನ ಮನೀದು ಹಂಗೇ ಬಿಟ್ಟಿದ್ದೇನ?" ಎಂದು ಮಲ್ಕಮ್ಮ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಚೇಷ್ಟೆಗೇ ಅಂದದ್ದು. ಆದರೆ ಆಯಿ ಫೋನನ್ನು ಅನುಜಾಳ ತೊಡೆಯ ಮೇಲೆ ಹಾಕಿ ಎದ್ದು ಹೋದಳು.

ಅಂದಿನಿಂದ ನನ್ನ ಜೊತೆ ಮಾತು ಬಂದ್. ನಾನು ಊಟಕ್ಕೆ ಕೂತರೆ ಅವಳು ಪಡಸಾಲೆಗೆ. ಏನಾದರೂ ಹೇಳುವುದಿದ್ದರೆ ಗೋಡೆಗೆ ಹೇಳುವಳು. "ಯಾರೋ ಚಪ್ಪಲ ಅಡ್ಡ ಬಿಟ್ಟಾರ." "ಯಾರೋ ಪಂಖಾ ಹಂಗೇ ಇಟ್ಟ ಹೋಗ್ಯಾರ." ಬನ್ನಿ ಹಬ್ಬದ ದಿನ ಸಂಜೆ ಎಲ್ಲರಿಗೂ ಬನ್ನಿ ಎಲೆ ಕೊಟ್ಟಳು, ಓಣಿಯ ಪ್ಯಾರಿಬಿಗೂ ಕೊಟ್ಟಳು. ನಾನು ಕಾಲು ಮುಟ್ಟಿ ಕೈ ಒಡ್ಡಿ ನಿಂತರೆ, ತಾಟಿನಲ್ಲಿದ್ದ ಎಲೆಗಳನ್ನು ಸೆರಗಿಗೆ ಸುರುವಿಕೊಂಡು ಒಳಗೆ ಹೋದಳು. ಬನ್ನಿಯ ದಿನ ಕೋರ್ಟಿನಲ್ಲಿ ಬಡಿದಾಡುವ ಅಣ್ಣತಮ್ಮಂದಿರೂ ಎಲೆ ಕೊಟ್ಟು ಅಪ್ಪಿಕೊಳ್ಳುತ್ತಾರೆ!

ನನಗೆ ತಡೆಯಲಾಗಲಿಲ್ಲ. ಹಿಂದೆಯೇ ಅಡಿಗೆಮನೆಗೆ ನುಗ್ಗಿದೆ.

"ಏನ್ ತಪ್ಪ ಮಾಡೇನಿ ನಾ? ತೊಳೆದು ಹಾಳ ಮಾಡಿದಾಕಿ ನೀ, ಸಿಟ್ಟ ನಿನಗೇನ? ತಿಳೀದ ತೊಳದಿ ಅಂತ ಸುಮ್ಮಿದ್ದೆ!"

"ತಿಳೀದ?" ಆಯಿ ತಿರುಗಿದಳು. "ನನ್ನ ಹಂಡೆ ನನಗ ತಿಳಿಯಂಗಿಲ್ಲೇನೋ? ಬೋರೆಹಣ್ಣಿನಷ್ಟ ಮಾಡು, ರಾಗಿಕಾಳಿನಷ್ಟ ಮಾಡು, ನನ್ನ ಹಂಡೆ ನನಗ ತಿಳೀತದ. ತಿಳದೇ ತೊಳದೇನಿ! ಫೋಟೋ ನಾನೂ ನೋಡೇನಿ. ಕಲಾಯಿ ತಿದಿ ಮೂಲ್ಯಾಗ ಇಟ್ಟೀ, ಬಾಜೂಕ ಕಿಲುಬಿನ ಹಂಡೆ ಇಟ್ಟೀ. ಹೋಟೆಲಿಗಿ ಬಂದ ಮಂದಿ ಏನಂತಾರ? ಕಲಾಯಿಯಂವನ ಹೆಂಡತಿ ಮೈಗಳ್ಳಿ ಅಂತಾರ. ನಿಮ್ಮ ಅಜ್ಜ ಬದುಕಿದ್ರ ಆ ತಿದೀಲೇ ನಿನ್ನ ಬಡೀತಿದ್ದ."

"ಅದ ಹೊಲಸ ಅಲ್ಲ ಆಯಿ, ವಯಸ್ಸು! ಹಳೀದ ಆಗೇದ ಅಂತ ತೋರಸೂದು!"

"ಹಳೀದ ಆದ್ರ ಕಿಲುಬ ಹತ್ತತದೇನ? ನಾ ಹಳೀಕಿ ಆಗೇನಿ, ನನಗ ಹತ್ತೇದೇನ?"

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅದು ನನ್ನ ತಲೆಯನ್ನು ಇನ್ನಷ್ಟು ಕೆಡಿಸಿತು. ಮೂಲೆಯಲ್ಲಿ ಆಯಿಯ ಅಸಲಿ ಹಂಡೆ ಇತ್ತು. ಈಗ ಅದರಲ್ಲಿ ನೀರು ಕಾಯಿಸುವುದಿಲ್ಲ, ತೊಗರಿಬೇಳೆ ತುಂಬಿಡುತ್ತಾರೆ. ಅದನ್ನು ಎತ್ತಿ ನೆಲದ ಮೇಲೆ ಬೋರಲು ಹಾಕಿದೆ. ಬೇಳೆಯೆಲ್ಲ ಅಡಿಗೆಮನೆಯ ತುಂಬ ಹರಿಯಿತು.

"ನನ್ನ ಬ್ಯಾಳಿ!" ಎಂದು ಅವ್ವ ಚೀರಿದಳು.

"ನೋಡು! ಇದೇನು? ತಳ ನೋಡು, ಇಜ್ಜಲಾಗೇದ. ಇದ ಹೊಲಸ ಅಲ್ಲೇನ?"

"ಅದ ಹೊಲಸಲ್ಲ, ಬೆಂಕಿ. ನಿಮ್ಮಪ್ಪನ ಮೈಗಿ, ನಿನ್ನ ಮೈಗಿ ನೀರ ಕಾಸಿದ ಬೆಂಕಿ. ಮ್ಯಾಲ ನೋಡು. ಎಲ್ಲೆರ ಹಸರ ಅದನ? ತೋರಸು. ತೋರ್ಸಿದ್ರ ನಿನ್ನ ಕಾಲ ಹಿಡೀತೇನಿ."

ನಾನು ಹಠಕ್ಕೆ ಬಿದ್ದು ಹುಡುಕಿದೆ. ಕೊರಳಿನ ಸುತ್ತ ನೋಡಿದೆ. ಬಳೆಯಂಥ ಹಿಡಿಕೆಗಳ ಕೆಳಗೆ, ಬೆರಳು ಹೋಗದ ಸಂದಿಯಲ್ಲಿ, ಉಗುರು ಹಾಕಿ ಕೆರೆದೆ. ಎಲ್ಲೂ ಇರಲಿಲ್ಲ. ಕೊರಳ ಮೇಲೆ ಒಂದು ಕಾಲಕ್ಕೆ ಆಯಿಯ ಹೆಸರು ಕೊರೆದಿತ್ತಂತೆ, ತವರಿನವರು ಕೊಡುವಾಗ ಹಾಕಿಸಿದ್ದು. ಈಗ ಅಲ್ಲಿ ಬರೀ ಒಂದು 'ಬಾ' ಉಳಿದಿತ್ತು, ಅದೂ ಅರ್ಧ. ತಿಕ್ಕಿ ತಿಕ್ಕಿ ಆಯಿ ತನ್ನ ಹೆಸರನ್ನೇ ಅಳಿಸಿಕೊಂಡಿದ್ದಳು. ಅಂಚು ಎಷ್ಟು ತೆಳುವಾಗಿತ್ತೆಂದರೆ ಒತ್ತಿದರೆ ಬಗ್ಗುತ್ತಿತ್ತು.

ಹಂಡೆ ಹಳೆಯದೇ. ನಾನು ಕಂಡ ಯಾವ ಹಂಡೆಗಿಂತಲೂ ಹಳೆಯದು. ಆದರೆ ಅದರ ವಯಸ್ಸು ತುಕ್ಕಾಗಿ, ಕಿಲುಬಾಗಿ ಕೂತಿರಲಿಲ್ಲ. ಸವೆದು ಹೋಗಿತ್ತು. ಎರಡು ತಿಂಗಳು ಅದರ ಬಾಜೂಕ ಕೂತು ಉಂಡು, ಕಣ್ಣೆತ್ತಿ ಒಮ್ಮೆಯೂ ನೋಡದೆ, ಮೊಬೈಲಿನಲ್ಲಿ ಯಾರದೋ ದೇಶದ ಹಸಿರು ಪಾತ್ರೆ ನೋಡಿ ನಮ್ಮ ಹಿತ್ತಲು ಮಾಡಿದ್ದೆ. ಸಿಟ್ಟು ಇಳಿಯಲಿಲ್ಲ. ಆದರೆ ಯಾರ ಮೇಲೆ ಹಾಕಬೇಕೋ ತಿಳಿಯದಾಯಿತು.

"ಸಿಕ್ತೇನ?" ಎಂದಳು ಆಯಿ.

"ಬ್ಯಾಳಿ ಯಾರ ಆರಸಬೇಕು? ಅದ ಹೇಳ್ರಿ ಮೊದಲ," ಎಂದಳು ಅವ್ವ. ನಾನು, ಅನುಜಾ ಕೂತು ಬೇಳೆ ಬಳಿದೆವು.

ಮರುದಿನ ಅಡಿಗೆಮನೆಯಿಂದ ಒಂದು ಚೂರು ಹುಣಸೆಹಣ್ಣು ಕದ್ದು ಅಂಗಡಿಗೆ ಒಯ್ದೆ. ನಾನೇ ಬೆಳೆಸಿದ ಕಿಲುಬನ್ನು ನಾನೇ ತಿಕ್ಕಿ ತೆಗೆದೆ. ಗೋಲಿಯ ಮೇಲೆ ಮತ್ತೆ ಏರಿಸಿ, ಅಂಚನ್ನು ನುಣ್ಣನೆಯ ಮರಳಕಾಗದದಿಂದ ಸವೆಸಿದೆ. ಕೊರಳ ಮೇಲೆ ಸೂಜಿಯಿಂದ ಹೆಸರು ಗೀಚಿ, ಅರ್ಧ 'ಬಾ' ಮಾತ್ರ ಉಳಿಯುವಂತೆ ಒರೆಸಿ ಒರೆಸಿ ಅಳಿಸಿದೆ. ತಳಕ್ಕೆ ಮಸಿ ಹಿಡಿಸಿದೆ. ಪತ್ರಾಸಿನ ತುಕ್ಕು, ಬಕೆಟ್ಟಿನ ಚಿಂದಿ ಹಾಗೇ ಇಟ್ಟೆ. ಅವು ಖರೇನೇ ಹಾಗಿದ್ದವು, ಅದಕ್ಕೆ ಆಯಿಯ ತಕರಾರೂ ಇರಲಿಲ್ಲ.

ದೀಪಾವಳಿಗೆ ಇನ್ನೇನು ಒಂದು ವಾರ ಎನ್ನುವಾಗ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಳಂದದ ಬಸ್ಸು ಹತ್ತಿದೆ. ರಸ್ತೆಯ ತಗ್ಗುಗಳಿಗೆ ಬಸ್ಸು ಹಾರಿದಾಗಲೆಲ್ಲ ನಾನೂ ಪೆಟ್ಟಿಗೆಯ ಜೊತೆ ಎದ್ದು ನಿಲ್ಲುತ್ತಿದ್ದೆ. "ಏನದ ತಮ್ಮಾ ಅದ್ರಾಗ, ತತ್ತಿ ಏನ?" ಎಂದು ಕಂಡಕ್ಟರ್ ಕೇಳಿದ.

ದೌಲತರಾಯರು ಕಾರಖಾನೆಯಲ್ಲಿ ದೀಪ ಹತ್ತಿರ ಎಳೆದುಕೊಂಡು, ಕನ್ನಡಕ ಹಣೆಗೇರಿಸಿ ನೋಡಿದರು. ಅವರ ಹಿಂದೆ ಮೇಜಿನ ಮೇಲೆ ಇಡೀ ಓಣಿಯೇ ಇತ್ತು. ನಡುವೆ ಒಂದು ಹಿತ್ತಲಿನಷ್ಟು ಜಾಗ ಖಾಲಿ. ನನ್ನ ಜಾಗ.

"ಪತ್ರಾಸ ಒಂದ ನಂಬರ್. ಬಕೆಟ್ ನೋಡು, ವಾಹ್. ತಿದಿ ಎಲ್ಲಿ ನೋಡಿದಿಲೇ? ಭೇಷ್." ಆಮೇಲೆ ಅವರ ಬೆರಳು ಒಲೆಯ ಮೇಲೆ ನಿಂತಿತು. "ಈ ಹಂಡೆ ಯಾಕ ಹೊಸಾದ ಕಾಣಾಕತ್ತದ? ಫೋಟೋದಾಗ ಹಸರ ಇತ್ತಲ್ಲ. ಅದಕ್ಕ ನಾ ನಿನ್ನ ಕರಿಸಿದ್ದು."

"ಅದ ತಪ್ಪಾಗಿತ್ರಿ. ಇದ ಬರಾಬರ್ ಅದ. ಅಂಚ ನೋಡ್ರಿ, ಹೆಸರ ನೋಡ್ರಿ."

"ಅಂಚ ಯಾರ ನೋಡ್ತಾರ ತಮ್ಮಾ? ಕಾಜಿನ ಹೊರಗ ನಿಂತಂವಗ ಹಳೀದು ಅಂತ ದೂರಿಂದ ಕಾಣಬೇಕು. ತಗೋ, ಕುಂಚ ಇಲ್ಲೇ ಅದ, ಹಸರ ಇಲ್ಲೇ ಅದ. ಹಚ್ಚಿಬಿಡು. ಸೋಮವಾರದಿಂದ ಕೆಲಸಕ್ಕ ಬಾ."

ಕುಂಚ ನನ್ನ ಕೈಗೆ ಬಂತು. ಹಸಿರನ್ನೂ ಅದ್ದಿದೆ. ಖರೆ ಹೇಳುತ್ತೇನೆ, ಹಚ್ಚಲೆಂದೇ ಅದ್ದಿದ್ದೆ. ಜೇವರ್ಗಿಯ ಗಲ್ಲಾ, ಅದರ ಮೇಲೆ ಅಪ್ಪ ತಂದಿಟ್ಟ ಊದಿನಕಡ್ಡಿಯ ಗೂಡು, ಎಲ್ಲ ಕಣ್ಣ ಮುಂದಿತ್ತು. ಆದರೆ ಹಂಡೆಯ ಕೊರಳ ಹತ್ತಿರ ಕುಂಚ ಒಯ್ದರೆ ಕೈ ಮುಂದೆ ಹೋಗಲಿಲ್ಲ. ಅಲ್ಲಿ ಆ ಅರ್ಧ 'ಬಾ' ಇತ್ತು.

"ಆಗಂಗಿಲ್ರಿ," ಎಂದೆ.

"ಯಾಕ?"

"ಇದ ಕಲಾಯಿಯವರ ಮನಿ. ಅಲ್ಲೇ ತಿದಿ ಅದ. ತಿದಿ ಇದ್ದ ಮನ್ಯಾಗ ಕಿಲುಬ ಇರಂಗಿಲ್ರಿ."

"ಅದನ್ನ ಯಾರ ಬಂದ ಕೇಳ್ತಾರ ನಿನ್ನ?"

"ನಮ್ಮ ಆಯಿ ಕೇಳ್ತಾಳ್ರಿ."

ಅವರು ನಕ್ಕರು. ನಾನು ನಗಲಿಲ್ಲ. ಆಗ ಅವರ ನಗೆಯೂ ನಿಂತಿತು. "ನೋಡು, ಗಿರಾಕಿ ಹೇಳಿದಂಗ ಮಾಡಾಂವ ಬೇಕ ನನಗ. ನಿಮ್ಮ ಆಯಿ ಹೇಳಿದಂಗ ಮಾಡಾಂವ ಬ್ಯಾಡ. ಹಂಡೆ ಬಿಟ್ಟ ಹೋಗು, ನಾನೇ ಹಚ್ಕೋತೇನಿ."

ಹಂಡೆಯನ್ನು ಒಲೆಯಿಂದ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡೆ. "ಖಾಲಿ ಒಲಿ ಇಟ್ಕೊಂಡ ಏನ್ ಮಾಡ್ಲಿ? ಇದನ್ನೂ ಒಯ್ಯಿ," ಎಂದು ಅವರು ಪೆಟ್ಟಿಗೆಯನ್ನೂ ನನ್ನ ಕಡೆ ತಳ್ಳಿದರು.

ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಝುಣಕ, ರೊಟ್ಟಿ. ವಾಪಸ್ಸು ಬಂದ ಪೆಟ್ಟಿಗೆಯನ್ನು ಎಲ್ಲರೂ ನೋಡಿದರು. ಅವ್ವ ನನಗೂ ತಾಟು ಇಟ್ಟಳು. ನಾನು ಕೂಡದೆ ಆಯಿಯ ಮುಂದೆ ನಿಂತು ಕಿಸೆಯಿಂದ ಹಂಡೆ ತೆಗೆದೆ.

"ತಗೋ ನಿನ್ನ ಹಂಡೆ! ಹಸರ ಹಚ್ಚು ಅಂದ್ರು, ಹಚ್ಚಲಿಲ್ಲ. ಕೆಲಸ ಹೋತು. ಆತಿಲ್ಲೋ ಸಮಾಧಾನ? ಇನ್ನ ಜೇವರ್ಗ್ಯಾಗ ಕುಂತ ಸಾಯೂತನ ತಾಟ ಲೋಟ ಮಾರ್ತೇನಿ!"

ಅಪ್ಪ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ನೋಡಿದ. "ಹಚ್ಚಲಿಲ್ಲೇನ?" ಎಂದ. ಆಮೇಲೆ ತಾಟಿನ ಕಡೆ ನೋಡುತ್ತ ಹೇಳಿದ: "ಜೇವರ್ಗಿ ಅಂಗಡ್ಯಾಗ ಕಾಜಿನ ಕಪಾಟ ಅದ. ಆ ಹಿತ್ತಲ ಅದ್ರಾಗ ಇಡು. ಆದ್ರ ಆ ತುಕ್ಕಿನ ಬಕೆಟ್ ಮುಂದ ಇಡಬ್ಯಾಡ ಮತ್ತ, ಗಿರಾಕಿ ಓಡಿಹೋಗ್ತಾರ."

"ಬಕೆಟ್ ಮುಂದೇ ಇಡ್ತೇನಿ," ಎಂದೆ.

ಆಯಿ ಎಡಗೈಯಲ್ಲಿ ಹಂಡೆ ಹಿಡಿದು ಬಾಗಿಲ ಬೆಳಕಿಗೆ ಒಯ್ದಳು. ಅಂಚು ಮುಟ್ಟಿದಳು. ಕೊರಳನ್ನು ಕಣ್ಣ ಹತ್ತಿರ ತಂದು, ಅರ್ಧ ಅಕ್ಷರವನ್ನು ಉಗುರಿನ ತುದಿಯಿಂದ ತಡವಿದಳು. ಆಮೇಲೆ ಹಂಡೆಯನ್ನು ಬೋರಲು ತಿರುಗಿಸಿದಳು. ಬನ್ನಿಯ ಮೊದಲಿನಿಂದ ಗೋಡೆಯ ಜೊತೆ ಮಾತಾಡುತ್ತಿದ್ದವಳು ನನ್ನ ಹೆಸರು ಹಿಡಿದು ಕರೆದಳು.

"ಸುಶಾಂತ್ಯಾ."

"ಏನ್?"

"ತಳಕ್ಕ ಕಪ್ಪ ಕಡಿಮಿ ಬಿದ್ದದ."

ನಾನು ಎರಡೂ ಕೈಯಿಂದ ತಲೆ ಹಿಡಿದುಕೊಂಡೆ. "ಆಯೀ! ಹೊಲಸ ಬ್ಯಾಡ ಅಂತ ಇಷ್ಟ ರಂಪ ಮಾಡಿ, ಈಗ ಕಪ್ಪ ಕಡಿಮಿ ಅಂತೀಯಲ್ಲಬೇ!"

"ಬೆಂಕಿ ಮ್ಯಾಲ ಇಡದ ಹಂಡೆಗತೆ ಕಾಣಾಕತ್ತದ. ಇದ್ರಾಗ ನೀ ಜಳಕ ಮಾಡೀದಿ ಅಂದ್ರ ಯಾರ ನಂಬ್ತಾರ?"

ಅನುಜಾ ನಗುತ್ತ ಎದ್ದು ನನ್ನ ಮಸಿಡಬ್ಬಿ, ಕುಂಚ ತಂದು ತಾಟಿನ ಬಾಜೂಕ ಇಟ್ಟಳು. "ಊಟದ ತಾಟಿನ ಹತ್ರ ಬ್ಯಾಡಬೇ!" ಎಂದು ಅವ್ವ ಒದರಿದಳು. ನಾನು ಕುಂಚ ಎತ್ತಿಕೊಂಡೆ.

"ಎಷ್ಟ ಹಚ್ಲಿ? ಈಗೇ ಹೇಳು. ನಾಳಿಗಿ ಮತ್ತ ತೊಳದೀ ಅಂದ್ರ ನೋಡು."

ಆಯಿ ಹಂಡೆಯನ್ನು ನನ್ನ ಅಂಗೈಯಲ್ಲಿಟ್ಟಳು.

"ನೀರ ಕಾಯೂ ಅಷ್ಟು," ಎಂದಳು.